ಏಳು ಸೇತುವೆಯ ನಾಲ್ಕು ಹೆಸರು

ರುಮ್ಯಾನಾ ಚಕಾಲೊವಾ ಬಲ್ಗೇರಿಯದ ರೂಸೆ ನಗರದಲ್ಲಿ, ಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಟ್ರಾಲಿ ಬಸ್ಸು ಓಡಿಸುವ ಹೆಂಗಸು. ವಯಸ್ಸು ನಲವತ್ತೈದು. ಮದುವೆಯಾಗಿಲ್ಲ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತನಾದ ಅಪ್ಪ ಅಸೆನ್ ಜೊತೆ ಬಂದರಿನ ಹಿಂದಿನ ಬೀದಿಯಲ್ಲಿ ವಾಸ. ಬಸ್ಸಿನ ಬಾಗಿಲಿಗೆ ಅಡ್ಡ ನಿಂತವರನ್ನು ಕನ್ನಡಿಯಲ್ಲಿ ಒಂದು ನೋಟ ನೋಡಿಯೇ ಹಿಂದಕ್ಕೆ ಕಳಿಸಬಲ್ಲ ಗಟ್ಟಿಗಿತ್ತಿ. ಅಂಥವಳು ಜೂನ್ ಬಂತೆಂದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ಚಡಪಡಿಸುತ್ತಿದ್ದಳು.

ವಿಡಿಯೊ ಗೇಮ್ ಕಂಪನಿಗಳು ಮುಂದೆ ತರಲಿರುವ ಆಟಗಳನ್ನೆಲ್ಲ ಒಂದೇ ವೇದಿಕೆಯಲ್ಲಿ ಜಗತ್ತಿಗೆ ತೋರಿಸುವುದು ಆ ತಿಂಗಳಲ್ಲೇ. ರೂಸೆಯಲ್ಲಿ ಅದು ಬರುವಾಗ ಸಂಜೆ ಏಳು ಗಂಟೆ. ಕಿಟಕಿಯಲ್ಲಿ ಇನ್ನೂ ಬಿಸಿಲಿರುತ್ತದೆ. ಬಡಾವಣೆಯ ವಾಚನಾಲಯದ ಸಭಾಂಗಣದಲ್ಲಿ ದೊಡ್ಡ ಪರದೆ ಇಳಿಬಿಟ್ಟು ಮೂವತ್ತು ನಲವತ್ತು ಮಂದಿ ಸೇರುತ್ತಾರೆ. ಯಾರೋ ಚೀಸ್ ತುಂಬಿದ ಬನಿತ್ಸಾ ಬೇಯಿಸಿ ತರುತ್ತಾರೆ. ಎಲ್ಲರೂ ಕಾಯುವುದು ಒಂದೇ ಸುದ್ದಿಗಾಗಿ: ‘ಏಳು ಸೇತುವೆ’ ಆಟದ ಎರಡನೆಯ ಭಾಗ.

ಮೊದಲನೆಯ ಭಾಗ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ, ಸ್ವೀಡನ್ನಿನ ಒಂದು ಸಣ್ಣ ಕಂಪನಿಯಿಂದ. ಯುದ್ಧ ಮುಗಿದ ನಾಡಿನಲ್ಲಿ ಮುರಿದು ಬಿದ್ದ ಸೇತುವೆಗಳ ನಡುವೆ ಜನರನ್ನು ದಾಟಿಸುವ ಒಬ್ಬ ದೋಣಿಯವಳ ಕಥೆ ಅದು. ಆರು ಸೇತುವೆ ಕಟ್ಟಿ ಮುಗಿಯುವಷ್ಟರಲ್ಲಿ ಆಟ ಮುಗಿದುಬಿಡುತ್ತದೆ. ಏಳನೆಯದು ಮಂಜಿನಲ್ಲಿ ಅರ್ಧ ಕಾಣುತ್ತದೆ, ಅಷ್ಟೆ. ಆಗ ರುಮ್ಯಾನಾ ಒಂದು ನೆಲಮಾಳಿಗೆಯ ಕಂಪ್ಯೂಟರ್ ಕ್ಲಬ್ಬಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದಳು. ಆಟದಲ್ಲಿ ಹೊಡೆದಾಟ ಕಡಿಮೆ, ಮಾತು ಜಾಸ್ತಿ, ಮಾತೆಲ್ಲ ಇಂಗ್ಲಿಷಿನಲ್ಲಿ. “ಇವಳೇನಂದ್ಲು? ಈ ಮುದುಕ ಯಾಕೆ ಅಳ್ತಿದಾನೆ?” ಎಂದು ಆಡುವವರು ಗಲ್ಲಾಕ್ಕೇ ಬಂದು ಕೇಳುತ್ತಿದ್ದರು. ಇವಳಿಗೂ ಅರ್ಧಂಬರ್ಧ ಬರುತ್ತಿತ್ತು. ಗೊತ್ತಾಗದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೇಲಿನ ಮಹಡಿಯಲ್ಲಿದ್ದ ಇಂಗ್ಲಿಷ್ ಮೇಷ್ಟ್ರು ತ್ಸಾಂಕೊ ಅವರ ಬಾಗಿಲು ತಟ್ಟುತ್ತಿದ್ದಳು. ಹಾಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಕ್ಲಬ್ಬಿಗೆ ಬರುತ್ತಿದ್ದ ಕಾಲಿನ್ ಎಂಬ ಹಲ್ಲುಸೆಟ್ಟು ಮಾಡುವ ಕಸಬುದಾರ ಆಟದ ಹೊಟ್ಟೆ ಬಗೆದು ಅಕ್ಷರ ಬದಲಿಸುವ ದಾರಿ ಕಂಡುಹಿಡಿದ. ಒಂಬತ್ತು ಸಾವಿರಕ್ಕೂ ಮಿಕ್ಕ ಸಾಲುಗಳು ಬಲ್ಗೇರಿಯನ್ ಭಾಷೆಗೆ ಬಂದವು.

ಮೇಷ್ಟ್ರ ಅನುವಾದ ತಪ್ಪಿಲ್ಲದ್ದು, ಆದರೆ ಪಠ್ಯಪುಸ್ತಕದ ಹಾಗೆ. ಕುಡುಕ ಪ್ರಯಾಣಿಕನಿಗೆ ದೋಣಿಯವಳು ಬೈಯುವ ಸಾಲನ್ನು ಅವರು ‘ಮಾನ್ಯರೇ, ತಾವು ದಯವಿಟ್ಟು ಇಳಿಯತಕ್ಕದ್ದು’ ಎಂದು ಬರೆದಿದ್ದರು. ರುಮ್ಯಾನಾ ಅದನ್ನು ಊಟದ ಮೇಜಿನ ಮೇಲೆ ಓದುತ್ತಿದ್ದಾಗ ಅಪ್ಪ ಸೂಪಿನ ಚಮಚ ಕೆಳಗಿಟ್ಟ.

“ದೋಣಿ ನಡೆಸೋಳು ಹಿಂಗ್ ಮಾತಾಡಿದ್ರೆ ಯಾರಮ್ಮ ಇಳೀತಾರೆ? ‘ಏಯ್ ಕುಂಬಳಕಾಯಿ, ಇಳಿಯೋ ಕೆಳಗೆ, ನಿನ್ ಭಾರಕ್ಕೆ ನದೀನೇ ದಡ ಹತ್ತಿ ಕೂತಿದೆ’ ಅನ್ಬೇಕು.”

“ಇದೆಲ್ಲ ಬರೀಬಹುದಾ ಅಪ್ಪ?”

“ಬಂದರಲ್ಲಿ ಮೂವತ್ತು ವರ್ಷ ಇದನ್ನೇ ಕೇಳಿದೀನಿ. ನೀನು ಬರೀದಿದ್ರೆ ಇನ್ಯಾರು ಬರೀತಾರೆ?”

ಬರೆದಳು. ಅಂದಿನಿಂದ ಬೈಗುಳವೆಲ್ಲ ಅಪ್ಪನ ಪಾಲಿಗೆ, ವ್ಯಾಕರಣ ಮೇಷ್ಟ್ರ ಪಾಲಿಗೆ. ಆ ಅನುವಾದವನ್ನು ಅವರು ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿಟ್ಟರು. ವಾರ್ನಾದಿಂದ, ಪ್ಲೆವೆನ್‌ನಿಂದ, ದೂರದೇಶಗಳಲ್ಲಿ ದುಡಿಯುತ್ತಿದ್ದವರಿಂದ ಕಾಗದಗಳು ಬಂದವು. ಹಾಗೆ ಹುಟ್ಟಿಕೊಂಡ ಅಭಿಮಾನಿಗಳ ಕೂಟಕ್ಕೆ ರುಮ್ಯಾನಾಳೇ ಯಜಮಾನಿ. ಕ್ಲಬ್ಬು ಮುಚ್ಚಿತು, ಅವಳು ಬಸ್ಸಿನ ಕೆಲಸಕ್ಕೆ ಸೇರಿದಳು, ಮೇಷ್ಟ್ರು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಕೂಟ ಮಾತ್ರ ಮುರಿಯಲಿಲ್ಲ.

ಜೂನ್‌ಗಳು ಮಾತ್ರ ಒಂದೇ ಥರ ಕಳೆದವು. ಆಟದ ಸಂಗೀತಗಾರ ಇಂಟರ್ನೆಟ್ಟಿನಲ್ಲಿ ಒಂದು ಫೋಟೊ ಹಾಕಿದ, ಅದರ ಹಿಂದೆ ಸೇತುವೆಯಿದೆ. ಕಂಪನಿ ಹೊಸ ಜನರನ್ನು ಕೆಲಸಕ್ಕೆ ಕರೆದಿದೆ. ಹೀಗೆ ಕಾಲಿನ್ ವಾರಕ್ಕೊಂದು ಸುಳಿವು ಹಿಡಿದು ಬರುತ್ತಿದ್ದ. “ಅಕ್ಕ, ಈ ಸಲ ಗ್ಯಾರಂಟಿ” ಎನ್ನುವುದು ಅವನ ಪಲ್ಲವಿ. ಪ್ರದರ್ಶನ ಮುಗಿಯುವ ಹೊತ್ತಿಗೆ ಬನಿತ್ಸಾದ ತಟ್ಟೆಯೂ ಬರಿದು, ಮುಖಗಳೂ ಬರಿದು.

ಎರಡು ಸಾವಿರದ ಹತ್ತೊಂಬತ್ತರ ಜೂನ್ ಎಲ್ಲಕ್ಕಿಂತ ಕೆಟ್ಟದ್ದು. ಪರದೆ ಕಪ್ಪಾಯಿತು. ನೀರಿಗೆ ಹುಟ್ಟು ಬಿದ್ದ ಸದ್ದು. ಮಂಜು. ಸಭಾಂಗಣದಲ್ಲಿದ್ದವರೆಲ್ಲ ಕುರ್ಚಿ ಬಿಟ್ಟೆದ್ದರು. ಕಾಲಿನ್ ಅಳುತ್ತಲೇ ಪಕ್ಕದವನನ್ನು ತಬ್ಬಿಕೊಂಡ. ಮಂಜು ಸರಿಯಿತು. ಬಣ್ಣಬಣ್ಣದ ಮೀನುಗಳು ನೆಗೆದವು. ಬಂದದ್ದು ಫೋನಿನಲ್ಲಿ ಬೆರಳಾಡಿಸಿ ಮೀನು ಹಿಡಿಯುವ ಆಟ. ಚಿನ್ನದ ಗಾಳ ಬೇಕಿದ್ದರೆ ದುಡ್ಡು ಕೊಡಬೇಕು. ವೇದಿಕೆಯ ಮೇಲೆ ಒಬ್ಬ ಯುವತಿ ಒಣಗಿದ ಗಂಟಲಲ್ಲಿ ಅದನ್ನು ಹೊಗಳುತ್ತಿದ್ದಳು. ಎದುರಿಗಿದ್ದ ಸಾವಿರಾರು ಜನ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಜಗತ್ತಿನ ಅಭಿಮಾನಿಗಳೆಲ್ಲ ಆ ಯುವತಿಯ ಮೇಲೆ ಬಿದ್ದಿದ್ದರು. ರೂಸೆಯವರ ಪುಟದಲ್ಲೂ ಕಾಲಿನ್ ಬರೆದಿದ್ದ, ಅವಳ ರೂಪದ ಬಗ್ಗೆ, ಅವಳ ತಾಯಿಯ ಬಗ್ಗೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದನ್ನು ಓದಿದ ರುಮ್ಯಾನಾ ಅಳಿಸಿ ಹಾಕಿದಳು. ಸಂಜೆ ಅವನ ಕೆಲಸದ ಕೋಣೆಗೇ ಹೋದಳು. ಅವನು ಪ್ಲಾಸ್ಟರಿನ ದವಡೆಯೊಂದನ್ನು ಉಜ್ಜುತ್ತಾ ಕೂತಿದ್ದ.

“ಅಳಿಸಿದ್ಯಾ?” ಎಂದ, ತಲೆಯೆತ್ತದೆ.

“ಅಳಿಸ್ದೆ. ಆ ಹುಡುಗಿ ನಿಂಗೇನು ಮಾಡಿದ್ಲು?”

“ಹದಿನೈದು ವರ್ಷ ಕಾದಿದೀವಿ ಅಕ್ಕ. ನಮ್ಮನ್ನ ಕೋತಿ ಮಾಡಿದ್ರು.”

“ಕಾಯ್ತಾ ಇರು ಅಂತ ಅವಳು ಹೇಳಿದ್ಲಾ? ನೀನಾಗೇ ಕಾದೆ. ನಾನೂ ಅಷ್ಟೆ. ಬೇಜಾರಾಯ್ತು, ನಂಗೂ ರಾತ್ರಿ ನಿದ್ದೆ ಬರ್ಲಿಲ್ಲ. ಹಾಗಂತ ಒಬ್ಬಳ ತಾಯಿನ ಬೈತೀಯಾ? ಮೇಷ್ಟ್ರು ಇದ್ದಿದ್ರೆ ಇದನ್ನ ಅವರ ಮುಂದೆ ಓದ್ತಿದ್ಯಾ?”

“ಮೇಷ್ಟ್ರನ್ನ ಮಧ್ಯೆ ತರ್ಬೇಡ.”

“ತರ್ತೀನಿ. ಕ್ಷಮೆ ಕೇಳಿ ಒಂದ್ ಸಾಲು ಬರಿ. ಇಲ್ಲಾಂದ್ರೆ ನಮ್ ಕೂಟದಲ್ಲಿ ನಿಂಗೆ ಜಾಗ ಇಲ್ಲ.”

ಅವನು ಬರೆಯಲಿಲ್ಲ. ಕೂಟ ಬಿಟ್ಟು ಹೋದ. ಜೊತೆಗೆ ಹತ್ತು ಜನ ಹೋದರು. ರುಮ್ಯಾನಾ ಆ ವಾರವೇ ಕಂಪನಿಗೊಂದು ಕಾಗದ ಬರೆದಳು. ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ‘ಮೀನಿನ ಆಟ ನಮಗೆ ಹಿಡಿಸಲಿಲ್ಲ. ಆದರೆ ವೇದಿಕೆಯ ಮೇಲೆ ನಿಂತವಳಿಗೆ ನಮ್ಮ ಕೂಟದಿಂದ ಬಂದ ಕೆಟ್ಟ ಮಾತಿಗೆ ನಾನು ಕ್ಷಮೆ ಕೇಳುತ್ತೇನೆ. ಆಟ ನಿಮ್ಮದು. ಆದರೆ ನಮ್ಮ ದೇಶದಲ್ಲಿ ಅದನ್ನು ಇಷ್ಟು ವರ್ಷ ಉಸಿರಾಡಿಸಿದವರು ನಾವು. ಒಳ್ಳೆಯದೊಂದನ್ನು ಮಾಡಿದ್ದೀರಿ, ಅದನ್ನು ಚೆನ್ನಾಗಿ ನೋಡಿಕೊಳ್ಳಿ.’ ಕೆಳಗೆ ಪೂರ್ತಿ ಹೆಸರು, ವಿಳಾಸ. ಉತ್ತರ ಬರಲಿಲ್ಲ.

ಆರು ವರ್ಷ ತುಂಬಲು ಕೆಲವೇ ತಿಂಗಳಿದ್ದಾಗ, ಒಂದು ಫೆಬ್ರವರಿಯಲ್ಲಿ ಬಂತು. ಬರೆದವಳ ಹೆಸರು ಸಿಗ್ನೆ. ‘ಅಂದು ವೇದಿಕೆಯ ಮೇಲಿದ್ದವಳು ನಾನೇ’ ಎಂದಿತ್ತು ಮೊದಲ ಸಾಲು. ಆ ವಾರ ಬಂದ ಸಾವಿರಾರು ಕಾಗದಗಳಲ್ಲಿ ಇಟ್ಟುಕೊಂಡದ್ದು ಇದೊಂದನ್ನೇ ಎಂದು ಬರೆದಿದ್ದಳು. ಈಗ ಅವಳು ಕಂಪನಿಯಲ್ಲಿ ತನ್ನ ಮಾತು ನಡೆಯುವ ಜಾಗದಲ್ಲಿದ್ದಾಳೆ. ಎರಡನೆಯ ಭಾಗ ಇಲ್ಲ, ಅದಕ್ಕೆ ಯಾರೂ ಕೈ ಹಾಕಿಲ್ಲ. ಆದರೆ ಹಳೆಯ ಆಟವನ್ನೇ ತಿದ್ದಿ ತೀಡಿ ಮತ್ತೆ ತರುತ್ತಿದ್ದಾರೆ. ರೂಸೆಯವರ ಅನುವಾದವನ್ನು ಅದರೊಳಗೆ ಸೇರಿಸಬಹುದೇ? ವಿಷಯ ಜೂನ್ ಪ್ರದರ್ಶನದವರೆಗೆ ಗುಟ್ಟಾಗಿರಬೇಕು.

ಇಬ್ಬರೂ ಕಂಪ್ಯೂಟರ್ ಪರದೆಯ ಮೇಲೆ ಮುಖ ನೋಡಿಕೊಂಡು ಮಾತಾಡಿದರು. ರುಮ್ಯಾನಾಳ ಇಂಗ್ಲಿಷ್ ಅದೇ ಆಟದಿಂದ ಕಲಿತದ್ದು.

“ಕೊನೇಲಿ ಕೆಲಸ ಮಾಡಿದವರ ಹೆಸರು ಬರುತ್ತಲ್ಲ, ಅಲ್ಲಿ ನಮ್ಮದು ಹೇಗೆ ಹಾಕ್ತೀರಿ?” ಎಂದು ಕೇಳಿದಳು.

“‘ಬಲ್ಗೇರಿಯದ ಅಭಿಮಾನಿಗಳು’ ಅಂತ. ವಕೀಲರು ಹಾಗೇ ಹೇಳಿದಾರೆ.”

“ಅಭಿಮಾನಿಗಳು ಅನುವಾದ ಮಾಡ್ಲಿಲ್ಲ. ನಾಲ್ಕು ಜನ ಮಾಡಿದ್ರು. ನಾಲ್ಕು ಹೆಸರು ಬರ್ಬೇಕು.”

“ಆ ಪುಟ ಆಗ್ಲೇ ತಯಾರಾಗಿದೆ, ರುಮ್ಯಾನಾ. ಬದಲಾಯಿಸೋದು ಕಷ್ಟ.”

“ಹಾಗಿದ್ರೆ ಅನುವಾದ ಕೊಡೋದೂ ಕಷ್ಟ” ಎಂದಳು ರುಮ್ಯಾನಾ.

ಮೂರು ವಾರ ಸುದ್ದಿಯಿಲ್ಲ. ಬಸ್ಸು ಓಡಿಸುತ್ತಾ ಅವಳು ತನ್ನನ್ನೇ ಬೈದುಕೊಂಡಳು. ಹೆಸರಿನ ಹಟಕ್ಕೆ ಬಿದ್ದು ಇಡೀ ನಾಡಿಗೆ ಸಿಗುವುದನ್ನು ಕಳೆದೆನೇ ಎಂದು ಒಂದು ನಿಲ್ದಾಣದಲ್ಲಿ ಅನ್ನಿಸಿದರೆ, ಮುಂದಿನ ನಿಲ್ದಾಣದಲ್ಲಿ ಮೇಷ್ಟ್ರ ನಡುಗುವ ಅಕ್ಷರ ಕಣ್ಣಿಗೆ ಕಟ್ಟುತ್ತಿತ್ತು. ಆಡಿದ ಮಾತನ್ನು ಹಿಂತೆಗೆದುಕೊಂಡು ಅವಳು ಕಾಗದ ಬರೆಯಲಿಲ್ಲ. ನಾಲ್ಕನೆಯ ವಾರ ಸಿಗ್ನೆಯಿಂದ ಒಂದೇ ಸಾಲು ಬಂತು: ‘ಹೆಸರುಗಳನ್ನು ಕಾಗುಣಿತ ತಪ್ಪಿಲ್ಲದೆ ಕಳಿಸು.’

ಈಗ ಗುಟ್ಟು ಅವಳ ಹೊಟ್ಟೆಯಲ್ಲಿ. ಜೂನ್ ಹತ್ತಿರವಾದಂತೆ ಕೂಟದಲ್ಲಿ ಕಾವೇರಿತು. ‘ಏಳು ಸೇತುವೆ’ಯ ಸುದ್ದಿ ಬರಲಿದೆ ಎಂದು ಎಲ್ಲಿಂದಲೋ ಸೋರಿತ್ತು, ಎಲ್ಲರೂ ಎರಡನೆಯ ಭಾಗವೇ ಎಂದು ನಂಬಿದರು. ಬಿಟ್ಟುಹೋದವರೂ ಹಿಂದಿರುಗತೊಡಗಿದರು. ಪ್ರದರ್ಶನದ ಸಂಜೆ ವಾಚನಾಲಯದ ಬಾಗಿಲಲ್ಲಿ ಕಾಲಿನ್ ನಿಂತಿದ್ದ. ಕೂದಲು ನರೆತಿತ್ತು, ಕೈಯಲ್ಲಿ ಬನಿತ್ಸಾದ ತಟ್ಟೆ.

“ಒಳಗೆ ಬರ್ಲಾ ಅಕ್ಕ? ಆ ಒಂದ್ ಸಾಲು ಇವತ್ತು ಬೆಳಿಗ್ಗೆ ಬರ್ದೆ. ಪುಟದಲ್ಲಿದೆ, ಬೇಕಾದ್ರೆ ನೋಡು.”

“ನೋಡ್ದೆ” ಎಂದಳು. “ಆರು ವರ್ಷ ಬೇಕಾಯ್ತಾ?”

“ಹಲ್ಲಿಗಿಂತ ನಾಲಿಗೆ ಗಟ್ಟಿ ನಂದು.”

ಮುಂದಿನ ಸಾಲಿನಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದ ಅಸೆನ್ ಪಕ್ಕದ ಕುರ್ಚಿ ತಟ್ಟಿದ. “ಬಾರೋ, ಕೂತ್ಕೋ. ಈ ಸಲಾನೂ ಗ್ಯಾರಂಟಿನಾ?”

“ಈ ಸಲ ಗ್ಯಾರಂಟಿ ಮಾವ.”

ರುಮ್ಯಾನಾ ಹಿಂದಿನ ಗೋಡೆಗೊರಗಿ ನಿಂತಳು. ನಲವತ್ತು ಬೆನ್ನುಗಳು ಮುಂದೆ ಬಾಗಿದ್ದವು. ಇವರಿಗೆ ಬೇಕಾದದ್ದು ಬರುವುದಿಲ್ಲವೆಂದು ಬಲ್ಲವಳು ಅಲ್ಲಿ ಅವಳೊಬ್ಬಳೇ. ಅಂದು ವೇದಿಕೆಯ ಮೇಲೆ ಸಿಗ್ನೆಗೆ ಗಂಟಲು ಯಾಕೆ ಒಣಗಿತ್ತೆಂದು ಈಗ ಅವಳಿಗೆ ತಿಳಿಯಿತು.

ನೀರಿನ ಸದ್ದು ಬಂತು. ಮಂಜು ಬಂತು. ದೋಣಿಯವಳ ಮುಖ, ಹೊಸದಾಗಿ ಬರೆದದ್ದು, ಹಳೆಯ ಮಚ್ಚೆಯೊಡನೆ. ಜನ ಉಸಿರು ಬಿಗಿಹಿಡಿದರು. ಆಮೇಲೆ ಮೊದಲನೆಯ ಸೇತುವೆ ಬಂತು, ಎರಡನೆಯದು ಬಂತು, ಎಲ್ಲ ಹಳೆಯವೇ. ‘ಹೊಸ ರೂಪದಲ್ಲಿ, ಈ ಅಕ್ಟೋಬರ್’ ಎಂಬ ಅಕ್ಷರ ಬಿತ್ತು. ಪರದೆಯ ಅಂಚಿನಲ್ಲಿ, ನೋಡುತ್ತಲೇ ಬರೆಯುತ್ತಿದ್ದ ಜಗತ್ತಿನ ಅಭಿಮಾನಿಗಳ ಗೊಣಗಾಟ ಮಳೆಯಂತೆ ಸುರಿಯತೊಡಗಿತು.

“ಇಷ್ಟೇನಾ?” ಎಂದ ಕಾಲಿನ್. “ಹಳೇದಕ್ಕೇ ಸುಣ್ಣ ಬಳಿದಿದಾರೆ.”

ಕೊನೆಯ ಚೌಕಟ್ಟಿನಲ್ಲಿ ಆಟ ಯಾವ ಯಾವ ಭಾಷೆಗಳಲ್ಲಿ ಬರುತ್ತದೆಂಬ ಪಟ್ಟಿಯಿತ್ತು. ಹನ್ನೊಂದು ಭಾಷೆಗಳು. ಐದನೆಯದನ್ನು ಓದಿದ ಯಾರೋ “ಬಲ್ಗೇರಿಯನ್” ಎಂದರು, ಮೆಲ್ಲಗೆ, ತಪ್ಪಾಗಿ ಓದಿದೆನೇನೋ ಎಂಬಂತೆ. ಇನ್ನೊಬ್ಬರು ಅದನ್ನೇ ಅಂದರು. ರುಮ್ಯಾನಾ ಮುಂದೆ ಬಂದು, ಕಂಪನಿ ಅದೇ ನಿಮಿಷಕ್ಕೆ ಬಿಟ್ಟಿದ್ದ ಬಲ್ಗೇರಿಯನ್ ತುಣುಕನ್ನು ಹಚ್ಚಿದಳು. ಕುಡುಕ ಪ್ರಯಾಣಿಕ ದೋಣಿಯಲ್ಲಿ ಬಿದ್ದುಕೊಂಡಿದ್ದ. ದೋಣಿಯವಳು ಬಾಯಿ ತೆರೆದಳು. ಕೆಳಗೆ ಅಕ್ಷರ ಮೂಡಿತು: ಏಯ್ ಕುಂಬಳಕಾಯಿ, ಇಳಿಯೋ ಕೆಳಗೆ.

ಸಭಾಂಗಣ ನಕ್ಕ ನಗೆಗೆ ಅಸೆನ್‌ನ ಮಡಿಲಿನ ಬೀಜವೆಲ್ಲ ಚೆಲ್ಲಿತು. “ಅದು ನಂದು” ಎಂದು ಅವನು ಅಕ್ಕಪಕ್ಕದವರಿಗೆಲ್ಲ ಹೇಳಿದ. “ಆ ಬೈಗುಳ ನಂದು.”

ಕಾಲಿನ್ ಮಾತ್ರ ನಗಲಿಲ್ಲ. ರುಮ್ಯಾನಾಳ ಹತ್ತಿರ ಬಂದು ನಿಂತ. “ನಿಂಗೆ ಮೊದ್ಲೇ ಗೊತ್ತಿತ್ತು.”

“ಫೆಬ್ರವರಿಯಿಂದ.”

“ಬಾಯಿ ಬಿಡ್ಲಿಲ್ಲ.”

“ಮಾತು ಕೊಟ್ಟಿದ್ದೆ. ಕೊನೇ ಪುಟದಲ್ಲಿ ನಾಲ್ಕು ಹೆಸರಿವೆ ಕಾಲಿನ್. ಮೇಷ್ಟ್ರದ್ದು ಮೊದಲು. ಆಮೇಲೆ ನಂದು, ನಿಂದು, ಅಪ್ಪಂದು.”

“ಫೆಬ್ರವರಿಲಿ ನಾನು ಬಿಟ್ಟುಹೋದೋನು ಆಗಿದ್ದೆ.”

“ಎರಡು ಸಾವಿರದ ನಾಲ್ಕರಲ್ಲಿ ಆಗಿರ್ಲಿಲ್ಲ. ಕೆಲಸ ಮಾಡಿದೋನ ಹೆಸರು ಹಾಕ್ದೆ, ಜಗಳ ಆಡ್ದೋನದ್ದಲ್ಲ.”

ಹೊರದೇಶಗಳ ಪುಟಗಳಲ್ಲಿ ಆ ಸಂಜೆಯನ್ನು ವರ್ಷದ ದೊಡ್ಡ ನಿರಾಸೆ ಎಂದು ಬರೆದರು. ರೂಸೆಯವರು ಕತ್ತಲಾಗುವವರೆಗೂ ದುನಾವ್ ನದಿಯ ದಂಡೆಯಲ್ಲಿ ಕೂತು ಹರಟಿದರು. ಎರಡನೆಯ ಭಾಗ ಬರಲಿಲ್ಲವೆಂಬ ಬೇಸರ ಅವರಿಗೂ ಇತ್ತು. ಆದರೆ ಎದೆಯುಬ್ಬಿಸಿ ನಡೆಯುವವರಿಗೆ ಅದು ಅಷ್ಟಾಗಿ ಭಾರವಾಗಲಿಲ್ಲ.

ಅಕ್ಟೋಬರಿನಲ್ಲಿ ಆಟ ಬಂದ ಭಾನುವಾರ, ರುಮ್ಯಾನಾ ಮೇಷ್ಟ್ರ ಹೆಂಡತಿ ಎವ್ಡೋಕಿಯಾ ಅವರನ್ನು ಕೈಹಿಡಿದು ವಾಚನಾಲಯಕ್ಕೆ ಕರೆತಂದಳು. ಎಂಬತ್ತು ದಾಟಿದ ಅವರು ಕೋಟಿನ ಮೇಲೆ ಹಬ್ಬಗಳಿಗೆಂದೇ ಇಟ್ಟ ಅಲಂಕಾರದ ಪಿನ್ನು ಸಿಕ್ಕಿಸಿಕೊಂಡಿದ್ದರು. ಕೊನೆಯ ಪುಟವನ್ನು ಅವರಿಗಾಗಿಯೇ ಪರದೆಯ ಮೇಲೆ ನಿಲ್ಲಿಸಿದರು. ಅವರು ಕನ್ನಡಕ ಒರೆಸಿ, ಗಂಡನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಸರಿಯಿದೆ ಎಂಬಂತೆ ತಲೆಯಾಡಿಸಿದರು.

“ನಾಲ್ಕು ವರ್ಷ ಅಡುಗೆಮನೆ ದೀಪ ಆರಿಸ್ದೆ ಬರೀತಿದ್ರು” ಎಂದರು. “ಮಕ್ಕಳಾಟ ಅಂತ ನಾನು ಗದರ್ತಿದ್ದೆ. ಒಳಗೆ ಏನಿದೆ ಅಂತ ಒಂದ್ಸಲಾನೂ ನೋಡಿಲ್ಲ. ಇದನ್ನ ಆಡೋದು ಹೇಗಮ್ಮ?”

ರುಮ್ಯಾನಾ ಕುರ್ಚಿ ಎಳೆದು ಅವರನ್ನು ಕೂರಿಸಿದಳು, ಬೆರಳುಗಳನ್ನು ಕೀಲಿಗಳ ಮೇಲೆ ಇರಿಸಿದಳು. ಹಿಂದೆ ಇಪ್ಪತ್ತು ಜನ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳಿಕೊಡುತ್ತಿದ್ದರು. ದೋಣಿ ಮೂರು ಸಲ ಕಂಬಕ್ಕೆ ಗುದ್ದಿತು. ನಾಲ್ಕನೆಯ ಸಲ ಎವ್ಡೋಕಿಯಾ ಎಲ್ಲರಿಗೂ ಬಾಯಿ ಮುಚ್ಚಲು ಹೇಳಿ, ತಾವೇ ಅದನ್ನು ಆಚೆ ದಡಕ್ಕೆ ಮುಟ್ಟಿಸಿದರು.