ಆಲ್ಬಮ್ಮಿನ ಮೂರನೆಯ ಹಾಡು

ಹಾಡಿನ ನಡುವೆ, ಬಡಿತ ನಿಂತು ಮತ್ತೆ ಶುರುವಾಗುವ ಮುಂಚೆ, ಒಂದು ಕೆಮ್ಮು ಕೇಳುತ್ತದೆ. ಗಂಡಸಿನ ಕೆಮ್ಮಿನಷ್ಟು ದಪ್ಪ. ಅದು ನನ್ನದು. ಕಂಪ್ಯೂಟರಿನಲ್ಲಿ ಸ್ವರ ತಗ್ಗಿಸಿದ್ದೇನೆ, ಅಷ್ಟೆ.

ಚನ್ನರಾಯಪಟ್ಟಣದ ಹತ್ತಿರ ಒಂದು ತೆಂಗಿನ ನಾರಿನ ಕಾರ್ಖಾನೆಯಿದೆ. ಅಲ್ಲಿ ಸಿಪ್ಪೆ ಬಡಿಯುವ ಯಂತ್ರದ ಪಕ್ಕ ನಿಂತು ಸದ್ದು ರೆಕಾರ್ಡ್ ಮಾಡುತ್ತಿದ್ದಾಗ ಧೂಳು ಗಂಟಲಿಗೆ ಹೋಗಿತ್ತು. ಆ ಬಡಿತವನ್ನೇ ತಾಳ ಮಾಡಿ, ಕೆಳಗೆ ಸಿಂಥಸೈಜರಿನ ಒಂದೇ ಒಂದು ಮಂದ್ರ ಸ್ವರ ಹಾಕಿ, ಹಾಡು ಕಟ್ಟಿದೆ. ಹಾಡೆಂದರೆ ಅದರಲ್ಲಿ ಮಾತಿಲ್ಲ, ರಾಗವೂ ಇಲ್ಲ. ಇಂಡಸ್ಟ್ರಿಯಲ್ ಎನ್ನುತ್ತಾರೆ, ಹೊರದೇಶದ ಕ್ಲಬ್ಬುಗಳಲ್ಲಿ ಕತ್ತಲಲ್ಲಿ ಕುಣಿಯುವ ಸಂಗೀತ. ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಹೊಳೆನರಸೀಪುರಕ್ಕೆ ಬಂದ ಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ಏನು ಮಾಡುತ್ತೇನೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅರಕಲಗೂಡಿನ ಸೋದರತ್ತೆಯ ಮಗನಿಗೆ ಮಾತ್ರ ಹೇಳಿದೆ. ಮದುವೆಗಳಿಗೆ ಡಿಜೆ ಹಾಕುವವನು. ಮಂದ್ರ ಸ್ವರ ಹೆಡ್‌ಫೋನಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಅವನ ಆಳೆತ್ತರದ ಬೇಸ್ ಬಾಕ್ಸುಗಳಲ್ಲಿ ಕೇಳಬೇಕಿತ್ತು. ಫೈಲ್ ಕಳಿಸಿದೆ. ನಮ್ಮಿಬ್ಬರ ಮದುವೆಯ ಮಾತು ಆಗಲೇ ಹಿರಿಯರ ನಡುವೆ ಓಡಾಡುತ್ತಿತ್ತು. ನನಗೂ ಬೇಡವೆನಿಸಿರಲಿಲ್ಲ. ಹಾಡು ಕೇಳಿ ಅವನು ನಗಲಿಲ್ಲ. ಅಷ್ಟು ಸಾಕೆಂದುಕೊಂಡಿದ್ದೆ.

ಈಚೆಗೆ ಒಂದು ಸಂಜೆ ಅತ್ತೆ ಮತ್ತು ಅವನು ಮೈಸೂರುಪಾಕು ತಗೊಂಡು ಬಂದರು. ಅವನ ಕೈಯಲ್ಲಿ ಒಂದು ಸಿಡಿ. ನಾನಾ ದೇಶದವರ ಇಂಥ ಹಾಡುಗಳನ್ನು ಒಟ್ಟು ಸೇರಿಸಿ ವಿದೇಶದ ಸಣ್ಣ ಕಂಪನಿಯೊಂದು ತಂದ ಆಲ್ಬಮ್. ಕಪ್ಪು ಹೊದಿಕೆ, ಬೂದು ಅಕ್ಷರ. ಮೂರನೆಯ ಹಾಡಿನ ಮುಂದೆ ಅವನ ಡಿಜೆ ಹೆಸರಿತ್ತು. ಬಾಗಿಲ ಮುಂದೆ ನಿಲ್ಲಿಸಿದ್ದ ಕಾರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದ.

"ಇದೇನ್ಲಾ ಇದು, ಜನ್ರೇಟ್ರು ಕೆಟ್ಟೋದಂಗೆ ಬಡ್ಕತದೆ," ಎಂದರು ಅತ್ತೆ. "ಇದ್ಕೆ ಕುಣೀತಾರಾ?"

"ಕತ್ಲಲ್ಲಿ ಕುಣೀತಾರೆ ಕಣವ್ವ."

"ಮತ್ತೆ? ಬೆಳಕಲ್ಲಿ ಕುಣುದ್ರೆ ಜನ ಉಗೀತಾರಲ್ಲ!"

ಎಲ್ಲರೂ ನಕ್ಕರು. ಅಪ್ಪನೂ.

"ಭಾವ, ಇದು ನಾನು ಮಾಡಿದ್ದು," ಎಂದೆ.

ಅವನು ಸಿಡಿಯನ್ನೇ ನೋಡುತ್ತಾ, "ಕಂಪ್ನಿಗೆ ಕಳ್ಸಿದ್ದು ನಾನು ತಾನೆ? ನೀನಾಗಿದ್ರೆ ಕಂಪ್ಯೂಟ್ರಲ್ಲೇ ಕೊಳೆಸ್ತಿದ್ದೆ," ಎಂದ.

ಅದು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

"ನನ್ನ ಹೆಸರು ಯಾಕಿಲ್ಲ?"

ಉತ್ತರ ಕೊಟ್ಟದ್ದು ಅತ್ತೆ. "ಅಯ್ಯೋ ಪೆದ್ದಿ, ನಾಳೆ ತಾಳಿ ಕಟ್ದ ಮ್ಯಾಲೆ ಅವನೆಸ್ರು ಬ್ಯಾರೆ, ನಿನ್ನೆಸ್ರು ಬ್ಯಾರೆಯಾ? ಮನೇದು ಮನೇಲೇ ಐತೆ ಬುಡು." ಅಪ್ಪನ ಕಡೆ ತಿರುಗಿದರು. "ಶುಕ್ರವಾರ ಊವ ಮುಡ್ಸಕ್ಕೆ ಬತ್ತೀವಿ ಕಣಣ್ಣ."

ಹೂ ಮುಡಿಸಿದರೆ ಮಾತು ಗಟ್ಟಿಯಾದಂತೆ. ಅಪ್ಪ ನನ್ನನ್ನು ಕೇಳದೆ ತಲೆಯಾಡಿಸಿದರು. ಅಮ್ಮ ನನ್ನ ಕೈಗೆ ಮೈಸೂರುಪಾಕಿನ ತಟ್ಟೆ ಕೊಟ್ಟು, "ಎಲ್ರಿಗೂ ಕೊಡು," ಎಂದಳು. ಕೊಟ್ಟೆ. ಅವನು ಎರಡು ತೆಗೆದುಕೊಂಡ.

ಅವರು ಹೋದ ಮೇಲೆ ಅಪ್ಪ, "ಹುಡುಗ ಕೆಟ್ಟವನಲ್ಲ. ಒಂದು ಹೆಸರಿಗೋಸ್ಕರ ರಂಪ ಮಾಡ್ಬೇಡ," ಎಂದರು. ನಾನು ರಂಪ ಮಾಡಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದೆ. ಕಂಪನಿಗೆ ಬರೆಯಬಹುದಿತ್ತು; ಸಾಕ್ಷಿಗೆ ಹಾಡಿನ ಬಿಡಿ ಫೈಲುಗಳೆಲ್ಲ ನನ್ನ ಬಳಿ ಇವೆ. ಆದರೆ ಅಚ್ಚಾದ ಸಿಡಿಗಳು ಅಚ್ಚಾಗಿಹೋಗಿವೆ. ಮುಂದೆ ನಾನು ಮಾಡುವುದೂ ಹೀಗೇ ಮನೆಯದಾಗಿ ಮನೆಯಲ್ಲೇ ಇರುತ್ತದೆ ಎಂಬುದು, ತಟ್ಟೆ ತೊಳೆಯುವಾಗ, ಸ್ಪಷ್ಟವಾಗಿ ಕಂಡಿತು.

ಮರುದಿನ ಬೆಳಿಗ್ಗೆ, ಹಾಸನದ ಬಸ್ಸಿಗೆ ಕಾಯುತ್ತಾ, ಅತ್ತೆಗೆ ಫೋನ್ ಮಾಡಿ ಶುಕ್ರವಾರ ಬರಬೇಡಿ ಎಂದೆ.

"ಒಂದಾಡ್ಗೋಸ್ಕರವಾ?" ಎಂದರು.

"ಹೌದು ಅತ್ತೆ."

ಅವರು ಅಪ್ಪನಿಗೆ ಫೋನ್ ಮಾಡುವ ಮೊದಲು ನಾನೇ ಮಾಡಿದೆ.