ತಿಮಿಂಗಿಲಕ್ಕೆ ಬಿಟ್ಟ ನೀರು

ಅಮ್ಮ ತೀರಿಹೋಗಿ ಐದು ತಿಂಗಳಾಗಿತ್ತು. ಅಷ್ಟೂ ದಿನ ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದ. ಇಬ್ಬರೂ ಒಂದೇ ಕೊಲ್ಲಿ ದೇಶದಲ್ಲಿ; ಅವನು ಫಹಾಹೀಲ್‌ನಲ್ಲಿ, ನಾನು ಅಬು ಹಲೀಫಾದಲ್ಲಿ. ಕಾರಿನಲ್ಲಿ ಹತ್ತು ನಿಮಿಷ. ಅಮ್ಮ ಹೋದ ದಿನ ಅವನು ವಿಮಾನ ಹತ್ತಿದ, ನಾನು ಹತ್ತಲಿಲ್ಲ. ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಅದರ ನವೀಕರಣಕ್ಕೆಂದು ಕೊಟ್ಟ ಪಾಸ್‌ಪೋರ್ಟ್ ವೀಸಾ ಕೊಡಿಸಿದ ಕಫೀಲನ ಆಫೀಸಿನಲ್ಲಿ ಸಿಕ್ಕಿಬಿದ್ದಿತ್ತು. ಊರಿನಿಂದ ಅಣ್ಣ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಎಲ್ಲರೂ ಅಮ್ಮನ ಬಾಯಿಗೆ ನೀರು ಬಿಟ್ಟಾಯ್ತು. ನೀನೊಬ್ಬಳು ಬಾಕಿ."

ನನಗೂ ಸಿಟ್ಟು ನೆತ್ತಿಗೇರಿತ್ತು. ನಾನೇನು ಇಲ್ಲಿ ಮಜಾ ಮಾಡುತ್ತ ಕೂತಿದ್ದೆನೇ?

ಹೆಣ ಎತ್ತುವ ಮುಂಚೆ ಮಕ್ಕಳೆಲ್ಲ ಬಾಯಿಗೆ ನೀರು ಬಿಡಬೇಕು, ಅದು ನಮ್ಮ ಕಡೆಯ ಕ್ರಮ. ಮೀನು ಮಾರಿ ನಮ್ಮನ್ನು ಸಾಕಿದ ಅಮ್ಮ ಅದನ್ನು ಮನುಷ್ಯರಿಗಷ್ಟೇ ಇಟ್ಟುಕೊಂಡವಳಲ್ಲ. ಸತ್ತ ಆಮೆ ದಡಕ್ಕೆ ಬಂದರೂ ಚೊಂಬು ಹಿಡಿದು ಓಡುತ್ತಿದ್ದಳು. "ಪಾಪ, ಜೀವಮಾನ ಇಡೀ ಉಪ್ಪುನೀರು. ಹೋಗುವಾಗ ಆದ್ರೂ ಒಂದು ಗುಟುಕು ಸಿಹಿನೀರು ಕುಡಿಯಲಿ," ಎನ್ನುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆ, ಖೈರಾನ್ ಕಡಲತೀರದ ಹತ್ತಿರ ತಿಮಿಂಗಿಲ ಬಂದಿದೆಯೆಂದು ಮಗಳ ಗೆಳತಿ ಫೋನ್ ಮಾಡಿದಳು. ನನ್ನ ಗಂಡನಿಗೆ ಡ್ಯೂಟಿ. ಮಗಳು ಸೀದಾ ಮಾವನಿಗೇ ಫೋನ್ ಹಚ್ಚಿದಳು. ಅವಳಿಗೆ ಇಲ್ಲ ಎನ್ನುವ ಧೈರ್ಯ ಅಣ್ಣನಿಗೆ ಯಾವತ್ತೂ ಇರಲಿಲ್ಲ.

ನಾನು ಅವಲಕ್ಕಿ ಕಲಸಿ ಡಬ್ಬಿಗೆ ತುಂಬಿದೆ, ದುರ್ಬೀನು ತೆಗೆದುಕೊಂಡೆ. ಅಣ್ಣ ಕಾರು ತಂದ. ದಾರಿಯುದ್ದಕ್ಕೂ ಬರೀ ಮರಳು, ಕರೆಂಟು ಕಂಬ, ಚಳಿಗಾಲದ ವಿಹಾರಕ್ಕೆ ಹಾಕಿದ ಡೇರೆಗಳು, ದೂರದಲ್ಲಿ ಎಣ್ಣೆಬಾವಿಯ ಬೆಂಕಿ.

"ಕಿಟಕಿ ಹಾಕ್ಲಿಕ್ಕೆ ಹೇಳು ಮಾವನಿಗೆ, ಧೂಳು."

"ಉಸಿರು ಕಟ್ತದೆ ಅಂತ ಹೇಳು ಅಮ್ಮನಿಗೆ."

"ಯು ಬೋತ್ ಆರ್ ಇನ್ ದ ಸೇಮ್ ಕಾರ್!" ಎಂದು ಮಗಳು ರೇಗಿದಳು.

ಸಮುದ್ರ ಕಂಡ ಕೂಡಲೇ ನಾನು ಕಾರಿಳಿದು ದುರ್ಬೀನು ಹಿಡಿದು ದೂರದ ನೀರನ್ನು ಹುಡುಕತೊಡಗಿದೆ. ಎಂಥ ಪೆದ್ದಿ ನಾನು! ತಿಮಿಂಗಿಲ ಕಾಲಬುಡದಲ್ಲೇ, ಮರಳಿನ ಮೇಲೆ ಸತ್ತು ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಪಕ್ಕದಲ್ಲಿ ಅದನ್ನು ಎತ್ತಲು ಬಂದ ಯಂತ್ರ ಗುರುಗುಡುತ್ತಿತ್ತು. ಮಗಳು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಣ್ಣ ಕಾರಿನಿಂದ ಕುಡಿಯುವ ನೀರಿನ ಬಾಟಲಿ ತಂದ. ಚಪ್ಪಲಿ ಬಿಟ್ಟು, ಬಗ್ಗಿ, ಆ ದೊಡ್ಡ ಬಾಯಿಯ ಅಂಚಿಗೆ ಸ್ವಲ್ಪ ನೀರು ಬಿಟ್ಟ.

"ಭಾಯಿ, ಖಲಾಸ್! ಯಲ್ಲಾ!" ಸಾಕು, ಬೇಗ ಸರಿಯಿರಿ ಎಂಬಂತೆ ಯಂತ್ರದವನು ಕೈಬೀಸಿ ಕೂಗಿದ.

"ಒಂದೇ ನಿಮಿಷ ಭಾಯಿ," ಎಂದ ಅಣ್ಣ. ಆಮೇಲೆ ನನ್ನತ್ತ ತಿರುಗಿ ಬಾಟಲಿ ಚಾಚಿದ.

"ತಗೋ ಮಾರಾಯ್ತಿ. ನೀನು ಬಾಕಿ ಅಲ್ವಾ. ನೀರು ಬಿಡು."

ನಾನು ಮರಳಿನಲ್ಲಿ ಮಂಡಿಯೂರಿದೆ. ಯಂತ್ರದವನು ಎಂಜಿನ್ ಆಫ್ ಮಾಡಿದ. ಬಾಟಲಿ ಖಾಲಿಯಾಗುವವರೆಗೂ ಅಣ್ಣ ನನ್ನ ಕೈ ಹಿಡಿದುಕೊಂಡೇ ಇದ್ದ.