ಡಬ್ಬಿಯ ಮೇಲಿನ ಹೆಸರು

ವೈನಿಯವರ ಉಗುರುಗಳು ವರ್ಷದ ಹನ್ನೆರಡೂ ತಿಂಗಳು ಕೆಂಪಗಿರುತ್ತಿದ್ದವು. ಮದರಂಗಿಯಲ್ಲ, ಬ್ಯಾಡಗಿ ಮೆಣಸಿನಕಾಯಿಯ ಖಾರ. ಎಷ್ಟು ತೊಳೆದರೂ ಅದು ಉಗುರಿನ ಸಂದಿ ಬಿಡುತ್ತಿರಲಿಲ್ಲ. ಓಣಿಯ ಹೆಂಗಸರು ಕೂಸುಗಳನ್ನು ಅವರ ಕೈಗೆ ಕೊಡಲು ಹಿಂಜರಿಯುತ್ತಿದ್ದರು, ಎಲ್ಲಿ ಕಣ್ಣು ಮುಟ್ಟಿಬಿಡುತ್ತಾರೋ ಎಂದು. ಅದನ್ನು ಅವರು ಗಮನಿಸಿದ್ದರು. ಯಾರ್ಯಾರು ಕೊಡಲಿಲ್ಲ ಎಂಬುದೂ ಅವರಿಗೆ ನೆನಪಿತ್ತು.

ನೆನಪಿಟ್ಟುಕೊಳ್ಳುವುದು ಅವರ ಎರಡನೆಯ ಕಸುಬು. ಮೊದಲನೆಯದು ಚಟ್ನಿಪುಡಿ. ಕುಂದಗೋಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಅವರು ನನಗೆ ವೈನಿ, ಅಂದರೆ ಅತ್ತಿಗೆ. ಅಣ್ಣ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ, ಒಂದು ಹೆಣ್ಣು ಕೂಸು. ಆ ಅತ್ತೆಯೂ ಸಾಮಾನ್ಯದವಳಲ್ಲ. ತಿಂಗಳು ಕಳೆಯುವುದರೊಳಗೆ ಸೊಸೆಯನ್ನು ಒರಳಿನ ಮುಂದೆ ಕೂರಿಸಿ, "ಅಳೂದಾದ್ರ ಖಾರ ಕುಟಗೋಂತ ಅಳು. ಯಾಕ ಅಳಾಕತ್ತಿ ಅಂತ ಯಾರೂ ಕೇಳಂಗಿಲ್ಲ" ಎಂದಳಂತೆ. ಹಾಗೆ ಕಲಿತ ಕೈ ಅದು. ಮುಂದೆ ಚಟ್ನಿಪುಡಿ ಪಾಕೀಟಿಗೆ ಬಂದಾಗ ವೈನಿಯವರು ಅದಕ್ಕಿಟ್ಟ ಹೆಸರು 'ಅತ್ತಿ ಕೈ'. ಶೇಂಗಾ, ಗುರೆಳ್ಳು, ಅಗಸಿ ಮೂರೇ ಬಗೆ. ಪಾಕೀಟಿನ ಮೇಲೆ ಬಳೆ ತೊಟ್ಟ ಕೈಯೊಂದರ ಚಿತ್ರ.

ಅವರ ಸಿಟ್ಟಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಒಮ್ಮೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನೊಬ್ಬ, "ಖಾರದ ಚೀಲಾ ಮ್ಯಾಲೆ ಹಾಕು, ನೀನೂ ಅಲ್ಲೇ ಕೂಡು" ಎಂದುಬಿಟ್ಟ. ಆಮೇಲೆ ಅವನಿದ್ದ ಬಸ್ಸು ಎದುರಿಗೇ ಬಂದು ನಿಂತರೂ ಅವರು ಹತ್ತುತ್ತಿರಲಿಲ್ಲ, ಬಿಸಿಲಲ್ಲಿ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಅವನು ನಿವೃತ್ತನಾದ ದಿನ ಓಣಿಗೆಲ್ಲ ಪೇಢೆ ಹಂಚಿದರು. ಇಷ್ಟು ವರ್ಷ ಯಾಕ್ರೀ ವೈನಿ, ಎಂದು ನಾನು ನಕ್ಕರೆ, "ಖಾರ ಹಳೇದಾದ್ರ ಬಣ್ಣ ಬಿಡ್ತೈತಿ ತಮ್ಮಾ. ಸಿಟ್ಟ ಹಳೇದಾದ್ರ ಹದಕ್ಕ ಬರ್ತೈತಿ" ಎಂದರು.

ತಹಶೀಲ್ದಾರ್ ಕಚೇರಿಯ ಬಾಜು ನನ್ನದೊಂದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬುವುದು, ಬ್ಯಾನರ್ ಡಿಸೈನ್ ಮಾಡುವುದು, ಇವೇ ಕೆಲಸ. ವೈನಿಯವರ ಆಹಾರ ಪರವಾನಗಿಯ ಅರ್ಜಿಯನ್ನು ತುಂಬಿದವನು ನಾನೇ. ಪರವಾನಗಿ ಬಂದ ದಿನ ಅದನ್ನು ಲ್ಯಾಮಿನೇಶನ್ ಮಾಡಿಕೊಟ್ಟು, "ಲೈಸನ್ಸ್ ಬಂತಲ್ರಿ ವೈನಿ, ಇನ್ನ ಮಾಲೂ ನಿಮ್ದ, ಹೆಸರೂ ನಿಮ್ದ" ಎಂದೆ. ಮಾಲು ಅವರದ್ದೇ ಆಗಿತ್ತು. ಹೆಸರು ಮಾತ್ರ ಯಾರದೂ ಆಗಿರಲಿಲ್ಲ. ಆಹಾರದ ಪರವಾನಗಿ ಬೇರೆ, ಹೆಸರಿನ ನೋಂದಣಿ ಬೇರೆ ಎಂಬುದು ನನಗಾಗಲೀ, ನಮ್ಮ ಕಡೆ ರೊಟ್ಟಿ, ಉಪ್ಪಿನಕಾಯಿ ಮಾಡಿ ಮಾರುವ ಯಾರಿಗೇ ಆಗಲೀ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬನಿಗೆ.

ಅವನು ಹುಬ್ಬಳ್ಳಿಯ ಏಜೆಂಟ. ಪಾಕೀಟುಗಳನ್ನು ಒಯ್ದು ಅಲ್ಲಿಯ ಅಂಗಡಿಗಳಿಗೆ ಹಾಕುತ್ತಿದ್ದ. ವಾರಕ್ಕೊಮ್ಮೆ ಬಂದವನು ವೈನಿಯವರ ಮನೆಯಲ್ಲೇ ಊಟ ಮಾಡಿ, "ಅಕ್ಕಾರ, ನಿಮ್ಮ ಕೈಯಾಗ ಅನ್ನಪೂರ್ಣೇಶ್ವರಿ ಅದಾಳ್ರಿ" ಎಂದು ಹೊಗಳಿ ಹೋಗುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವುದು ಎಂದರೇನೆಂದು ನನಗೆ ತಿಳಿದದ್ದು ಅವನಿಂದ. 'ಅತ್ತಿ ಕೈ' ಹೆಸರನ್ನೂ ಬಳೆಯ ಕೈಯ ಚಿತ್ರವನ್ನೂ ಅವನು ತನ್ನ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡ. ನೋಂದಣಿಗೆ ಮುಂಚೆ ಅದು ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ತಕರಾರಿದ್ದವರು ನಾಲ್ಕು ತಿಂಗಳೊಳಗೆ ಹೇಳಬಹುದು. ಆ ಪತ್ರಿಕೆಯನ್ನು ಕುಂದಗೋಳದಲ್ಲಿ ಓದುವವರು ಯಾರು? ಒಂದು ದಿನ ವೈನಿಯವರ ಮನೆಗೆ ವಕೀಲರ ನೋಟೀಸು ಬಂತು. ಆ ಹೆಸರಿನಲ್ಲಿ ಅವರು ಇನ್ನು ಚಟ್ನಿಪುಡಿ ಮಾರಕೂಡದು.

ನೋಟೀಸನ್ನು ನಾನೇ ಓದಿ ಹೇಳಿದೆ. ಹೇಳುವಾಗ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಬೈಯಲಿಲ್ಲ, ಅಳಲಿಲ್ಲ. "ನನ್ನ ಅತ್ತಿನ್ನ ಕದ್ದಾನ" ಎಂದರು, ಅಷ್ಟೆ. ಅಂಗಡಿಯವರು ಹೆದರಿ ಪಾಕೀಟುಗಳನ್ನೆಲ್ಲ ಹಿಂದಕ್ಕೆ ಕಳಿಸಿದರು. ಪಡಸಾಲೆಯ ತುಂಬ ಚಟ್ನಿಯ ಪೆಟ್ಟಿಗೆಗಳು, ಅವುಗಳ ನಡುವೆ ಅವರು.

ಹುಬ್ಬಳ್ಳಿಯ ಒಬ್ಬ ವಕೀಲೆಯ ಹತ್ತಿರ ಹೋದೆವು. ಆಕೆ ತಾಳ್ಮೆಯಿಂದ ಕೇಳಿ, "ದಾರಿ ಐತ್ರಿ. ಅಂವ ನೋಂದಣಿ ಮಾಡ್ಸಿದ್ರೂ ಅವನಕಿಂತ ಮೊದ್ಲಿಂದ ನೀವ ಈ ಹೆಸರಿನ್ಯಾಗ ಮಾರ್ತಿದ್ರಿ ಅಂತ ತೋರಿಸಿದ್ರ, ಅವನ ನೋಂದಣಿ ತೆಗಸಾಕ ಬರ್ತೈತಿ. ಪುರಾವೆ ಏನೈತಿ?" ಎಂದು ಕೇಳಿದರು. ಪುರಾವೆ ಏನೂ ಇರಲಿಲ್ಲ. ಮೊದಮೊದಲು ಮಾರಿದ್ದೆಲ್ಲ ಬಾಯಿಮಾತಿನ ಮೇಲೆ. ಹಳೆಯ ಪಾಕೀಟುಗಳ ಮೇಲೆ ತಾರೀಖಿರಲಿಲ್ಲ.

ವೈನಿಯವರು ಕೇಳಿದರು. "ಭಾಂಡೆ ಮ್ಯಾಲೆ ತಾರೀಖ ಇದ್ರ ನಡೀತೈತೇನ್ರಿ?"

ನಮ್ಮ ಕಡೆ ಮದುವೆಗೆ ಭಾಂಡೆ, ಅಂದರೆ ಸ್ಟೀಲಿನ ಪಾತ್ರೆ ಕೊಡುವವರು ಅದರ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಕೆತ್ತಿಸಿಯೇ ಕೊಡುತ್ತಾರೆ. ವೈನಿಯವರು ಯಾವ ಮದುವೆಗೆ ಹೋದರೂ ಚಟ್ನಿಪುಡಿ ತುಂಬಿದ ಒಂದು ಡಬ್ಬಿ ಕೊಡುತ್ತಿದ್ದರು. ಅದರ ಮೇಲೆ ಅವರ ಹೆಸರಿರುತ್ತಿರಲಿಲ್ಲ. 'ಅತ್ತಿ ಕೈ, ಕುಂದಗೋಳ' ಎಂದಿರುತ್ತಿತ್ತು, ಕೆಳಗೆ ತಾರೀಖು. ಊರಿನ ಅರ್ಧ ಅಡುಗೆಮನೆಗಳಲ್ಲಿ ಚಹಾಪುಡಿ, ಸಕ್ಕರೆ ತುಂಬಿಕೊಂಡು ಆ ಡಬ್ಬಿಗಳು ಕುಳಿತಿದ್ದವು. ನಾವು ಮನೆಮನೆಗೆ ತಿರುಗಿದೆವು. ಹತ್ತಿರದ ಕುಬಿಹಾಳಕ್ಕೂ ಹೋಗಿಬಂದೆವು. ಹೆಂಗಸರು ಸಕ್ಕರೆ ಸುರುವಿ, ಸೆರಗಿನಿಂದ ಒರೆಸಿ ಕೊಟ್ಟರು. ಎಲ್ಲಕ್ಕಿಂತ ಹಳೆಯ ಡಬ್ಬಿ ಸಿಕ್ಕದ್ದು ನವಲಗುಂದದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಅದು ಅವಳ ಮದುವೆಯದು. ಏಜೆಂಟ ಆಗಿನ್ನೂ ಈ ಕಡೆ ತಲೆ ಹಾಕಿರಲಿಲ್ಲ.

ವಕೀಲೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಿಗ್ಗಿದರು. ಆಮೇಲೆ, "ಒಂದ ಪ್ರಶ್ನೆ ಬರ್ತೈತಿ. ಮದುವಿ ಭಾಂಡೆ ಮ್ಯಾಲೆ ಕೊಟ್ಟಾಕಿ ಹೆಸರ ಬಿಟ್ಟು ಚಟ್ನಿ ಹೆಸರ ಯಾಕೈತಿ? ಕಾರಣ ಬರದ ಕೊಡ್ಬೇಕು" ಎಂದರು.

"ಪ್ರಚಾರಕ್ಕ ಅಂತ ಬರೀರಿ" ಎಂದೆ ನಾನು.

"ಸುಳ್ಳ ಬ್ಯಾಡ" ಎಂದರು ವೈನಿಯವರು. "ನಡದಿದ್ದ ಬರೀರಿ. ಇವ್ರ ಅವ್ವಾರು ಹೇಳ್ತಾರ."

ನಡೆದದ್ದು ಏನೆಂದು ನನಗೆ ತಿಳಿದದ್ದು ಅಂದೇ ಮೊದಲು. ಅಕ್ಕನ ಮದುವೆಗೆ ವೈನಿಯವರು ತಮ್ಮ ಹೆಸರು ಹಾಕಿಸಿದ ಡಬ್ಬಿಯನ್ನೇ ತಂದಿದ್ದರು. ನನ್ನ ತಾಯಿ ಅದನ್ನು ಬಾಗಿಲಲ್ಲೇ ತಿರುಗಿಸಿ ಕೊಟ್ಟು, ಗಂಡ ಇಲ್ಲದಾಕಿಯ ಹೆಸರಿನ ಭಾಂಡೆ ಮದುಮಗಳ ಜೊತೆ ಹೋಗಬಾರದು, ಬೇರೆ ಹೆಸರು ಹಾಕಿಸಿಕೊಂಡು ಬಾ ಎಂದಿದ್ದಳು. ಅವರು ನೇರ ಭಾಂಡೆ ಅಂಗಡಿಗೆ ಹೋಗಿ ಬೇರೆ ಡಬ್ಬಿಯ ಮೇಲೆ ಈ ಹೆಸರು ಕೆತ್ತಿಸಿ ತಂದರು. ಅಂದಿನಿಂದ ಯಾರ ಮದುವೆಗೂ ತಮ್ಮ ಹೆಸರು ಹಾಕಿಸಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ವ್ರತ ಉಪವಾಸ ಜಾಸ್ತಿ ಎಂದುಕೊಂಡಿದ್ದೆ ನಾನು, ದಡ್ಡ.

ಅವ್ವ ಮೊದಲು, "ನನಗ ನೆನಪಿಲ್ಲಂತ ಹೇಳು" ಎಂದಳು. ಒಂದು ಗಳಿಗೆ ನನಗೂ ಹಾಗೇ ಹೇಳಿಬಿಡೋಣ ಎನಿಸಿತು. ಆದರೆ ಪರವಾನಗಿ ಕೈಗಿಟ್ಟು ಹೆಸರು ನಿಮ್ಮದೇ ಎಂದವನು ನಾನು. ಎರಡು ದಿನ ಕಾಡಿ ಒಪ್ಪಿಸಿದೆ. ನೋಟರಿಯ ಕೋಣೆಯಲ್ಲಿ ವಕೀಲೆ ಅವ್ವನ ಹೇಳಿಕೆಯ ಪ್ರಮಾಣಪತ್ರವನ್ನು ಓದಿದರು. "ವಿಧವೆಯ ಹೆಸರಿರುವ ಪಾತ್ರೆ ಮದುಮಗಳ ಜೊತೆ ಹೋಗುವುದು ಶುಭವಲ್ಲವೆಂದು ನಾನು ಹೇಳಿದ್ದರಿಂದ, ಸದರಿಯವರು ತಮ್ಮ ಹೆಸರಿನ ಬದಲು 'ಅತ್ತಿ ಕೈ' ಎಂದು ಕೆತ್ತಿಸಿದರು."

"ಇನ್ನೊಮ್ಮೆ ಓದ್ರಿ" ಎಂದರು ವೈನಿಯವರು.

ಇನ್ನೊಮ್ಮೆ ಓದಿದರು. ಅವ್ವ ಸಹಿ ಹಾಕಿ, "ತಪ್ಪಾತು ಬಿಡವಾ" ಎಂದಳು.

"ತಪ್ಪಾತು ಅಂತ ಅದರಾಗ ಬರದಿಲ್ರಿ" ಎಂದರು ವೈನಿಯವರು. "ಬರದಿದ್ದಷ್ಟ ಸಾಕು." ಊರಿಗೆ ಹೋಗುವ ಬಸ್ಸಿನಲ್ಲಿ ಅವ್ವನ ಪಕ್ಕದ ಸೀಟು ಖಾಲಿ ಇದ್ದರೂ ಅವರು ನಿಂತೇ ಬಂದರು.

ಅವನ ನೋಂದಣಿ ತೆಗೆಸುವ ಅರ್ಜಿ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಗೆ ಹೋಯಿತು. ಡಬ್ಬಿಗಳ ಫೋಟೋಗಳನ್ನು ನೋಡಿದ ಮೇಲೆ ಏಜೆಂಟನಿಗೆ ನೀರಿಳಿದಿರಬೇಕು. ಸೀರೆ, ಪೇಢೆ ಹಿಡಿದು ಬಂದ. "ಅಕ್ಕಾರ, ಹೆಸರ ನನ್ನ ಕಡೆ ಇರ್ಲಿ, ಮಾಲು ನೀವ ಮಾಡ್ರಿ. ಇಬ್ರೂ ಬದಕೂಣು. ಒಂದ್ಸಲ ಕ್ಷಮಾ ಮಾಡ್ರಿ."

"ಕ್ಷಮಾ ಮಾಡೂದು ದೇವ್ರ ಕೆಲಸ" ಎಂದರು ವೈನಿಯವರು. "ನಾ ಚಟ್ನಿ ಮಾಡಾಕಿ."

ವಿಚಾರಣೆ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಅವನ ನೋಂದಣಿ ರದ್ದಾಯಿತು. ಅವನು ಅಂಗಡಿಯ ಮೇಲೆ 'ಅತ್ತಿ ಕೈ' ಎಂದು ದೊಡ್ಡ ಬೋರ್ಡು ಹಾಕಿಕೊಂಡಿದ್ದ. ಅದನ್ನು ಇಳಿಸುವ ದಿನ ವೈನಿಯವರು ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಟರು, ಜೊತೆಗೆ ನಾನು. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದರು. ಅವನ ಹೆಂಡತಿ ಹೊರಗೆ ಬಂದು, ಒಳಗ ಬರ್ರಿ, ಚಾ ಕುಡೀರಿ ಎಂದು ಕರೆದಳು. "ಚಾ ಬ್ಯಾಡವಾ. ಎಡಗಡೆ ಒಂದ ಮೊಳಿ ಉಳದೈತಿ, ಅದನ್ನೂ ಕೀಳಾಕ ಹೇಳು" ಎಂದರು. ಮೊಳೆ ಕಿತ್ತ ಮೇಲೆ ಕೈ ತೊಳೆದು ಎದ್ದರು. ಹೇಳಲು ನನಗೇನೂ ನಾಚಿಕೆಯಿಲ್ಲ, ಅಂದಿನಷ್ಟು ರುಚಿಯಾದ ರೊಟ್ಟಿಯನ್ನು ನಾನು ಮತ್ತೆ ಉಂಡಿಲ್ಲ.

ಆಮೇಲೆ ಅವರದೇ ನೋಂದಣಿಗೆ ಅರ್ಜಿ ಹಾಕಿದೆವು. ನೋಂದಣಿಪತ್ರ ಬಂದಾಗ ಮಾಲೀಕರ ಜಾಗದಲ್ಲಿದ್ದ ತಮ್ಮ ಪೂರ್ತಿ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿಕೊಂಡರು. ನಾನು ಹಿಗ್ಗಿನಲ್ಲಿ, "ಇವತ್ತರ ಮನೀಗೆ ಬರ್ರಿ ವೈನಿ" ಎಂದೆ. "ನಿನ್ನ ಅಂಗಡಿಗೆ ಬರ್ತೀನಿ. ನಿಮ್ಮ ಮನೀಗೆ ಬರಂಗಿಲ್ಲ" ಎಂದರು. ಬರಲೂ ಇಲ್ಲ. ಇಂದು ಯಾರಾದರೂ ಆಹಾರದ ಪರವಾನಗಿಗೆಂದು ನನ್ನ ಅಂಗಡಿಗೆ ಬಂದರೆ, ಮೊದಲು ಹೆಸರಿನ ಅರ್ಜಿ ತುಂಬಿಸಿಯೇ ಕಳಿಸುತ್ತೇನೆ. ಅದನ್ನು ಕಲಿತದ್ದು ನಾನು, ಬೆಲೆ ತೆತ್ತದ್ದು ಮಾತ್ರ ಅವರು.

ಹೋದ ವರ್ಷ ವೈನಿಯವರು ತೀರಿಕೊಂಡರು. ಬಜಾರಿನವರೆಲ್ಲ ಶ್ರದ್ಧಾಂಜಲಿಯ ಬ್ಯಾನರ್ ಮಾಡಿಸಿದರು. ಅವರ ಹೆಸರನ್ನು ಅವುಗಳ ಮೇಲೆಲ್ಲ ನಾನೇ ಟೈಪ್ ಮಾಡಿದೆ. ಹಾಸಿಗೆ ಹಿಡಿದಿದ್ದ ಅವ್ವ ನನ್ನನ್ನು ಕರೆದು, "ನಮ್ಮ ಮನಿಯಿಂದೂ ಒಂದು ಹಾಕ್ಸು. ಆಕಿ ಹೆಸರ ದೊಡ್ಡದಾಗಿ ಬರಲಿ" ಎಂದಳು. ಒಂದು ಮಾತು ಕೇಳೋಣವೆಂದು ಅವರ ಮಗಳ ಹತ್ತಿರ ಹೋದೆ. ಈಗ ಚಟ್ನಿಯ ಕೆಲಸ ನೋಡಿಕೊಳ್ಳುವವಳು ಅವಳೇ. ಕೆಂಪು ಉಗುರಿನ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ತಲೆ ತಗ್ಗಿಸಿದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ. ಅವ್ವ ಹೇಳಿ ಹೋಗ್ಯಾಳ. ಯಾರ ಬೇಕಾದ್ರೂ ಹಾಕ್ಲಿ, ನಿಮ್ಮ ಮನಿಯಿಂದ ಆಕಿ ಹೆಸರ ಬ್ಯಾಡಂತ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಬ್ಯಾನರ್ ಹಾಕಿಸಲಿಲ್ಲ. ಈ ಬರಹದಲ್ಲೂ ಅವರ ಹೆಸರನ್ನು ನಾನು ಬರೆದಿಲ್ಲ. ಬರೆಯುವ ಅಪ್ಪಣೆ ನಮ್ಮ ಮನೆಗಿಲ್ಲ.